ಬಿಳಿ ರಕ್ತಕಣ ಕಡಿಮೆಯಾದರೆ ನೋವಿನ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ. ಎರಡನೇ ಕೀಮೋ ಆಗಿ ಹತ್ತು ದಿನ ಆಯಿತು. ಬೆನ್ನು ನೋವಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 2,400 ಬಂತು. ಇದು ಮಾರ್ಫಿನ್‌ನಿಂದಲೇ ಆಗಿದ್ದು ಎಂದು ಪರಿಚಯದವರು ಹೇಳಿದರು. ಹಾಗಾಗಿ ಮಾತ್ರೆ ಅರ್ಧ ಮಾಡಿದ್ದೇವೆ. ಈಗ ರಾತ್ರಿಯೆಲ್ಲ ನರಳುತ್ತಾರೆ. ಪೂರ್ತಿ ನಿಲ್ಲಿಸಬೇಕಾ?
– ಓದುಗರು, ಸಿಂಧನೂರು

ಉತ್ತರ: ನಿಲ್ಲಿಸಬೇಡಿ. ಅರ್ಧ ಮಾಡಿದ್ದನ್ನೂ ಹಾಗೇ ಬಿಡಬೇಡಿ. ಮಾತ್ರೆ ಬರೆದ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಏನು ಮಾಡಿದ್ದೀರಿ ಅಂತ ಹೇಳಿ. ಎಷ್ಟು ಕೊಡಬೇಕು ಎಂದು ಅವರು ಹೇಳುತ್ತಾರೋ ಅಷ್ಟು ಕೊಡಿ. ತಪ್ಪಿದ ಮಾತ್ರೆಗೆ ಬದಲಾಗಿ ಒಂದೇ ಸಲಕ್ಕೆ ಎರಡು ಕೊಡುವುದು ಬೇಡ.

ಮಾರ್ಫಿನ್‌ನಿಂದ ತೊಂದರೆಗಳು ಇಲ್ಲವೆಂದಲ್ಲ. ಮಲ ಕಟ್ಟುತ್ತದೆ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರುತ್ತದೆ. ಕೆಲವರಿಗೆ ಮೈ ತುರಿಕೆ. ಪ್ರಮಾಣ ಜಾಸ್ತಿಯಾದರೆ ಉಸಿರಾಟ ನಿಧಾನವಾಗುತ್ತದೆ, ಅದು ಅಪಾಯ. ಆದರೆ ಬಿಳಿ ಕಣದ ಎಣಿಕೆ ಇಳಿಯುವುದು ಅಪರೂಪ. ಪ್ರಯೋಗಾಲಯದಲ್ಲಿ ಮಾರ್ಫಿನ್ ಕೆಲವು ಬಿಳಿ ಕಣಗಳ ಚುರುಕು ತಗ್ಗಿಸುವುದು ಕಂಡಿದೆ, ನಿಜ. ಚುರುಕು ತಗ್ಗುವುದು ಬೇರೆ, ಎಣಿಕೆ ಇಳಿಯುವುದು ಬೇರೆ. ಜನರ ಮಾತಿನಲ್ಲಿ ಇವೆರಡೂ ಕಲಸಿಹೋಗಿವೆ.

ನಿಮ್ಮ ತಾಯಿಯ ವಿಷಯದಲ್ಲಿ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೀಮೋ ಆದ ದಿನದಿಂದ ಎಣಿಸಿ ನೋಡಿ. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಕಣಗಳನ್ನು ಹುಟ್ಟಿಸುತ್ತದೆ. ಸೋಂಕು ಬಂದಾಗ ಮೊದಲು ಹೋರಾಡುವ ಬಿಳಿ ಕಣಗಳು ಇವೇ. ರಕ್ತದಲ್ಲಿ ಇವು ಬದುಕುವುದು ತೀರಾ ಕಡಿಮೆ ಕಾಲ, ಆದ್ದರಿಂದ ಹೊಸವು ಬರುತ್ತಲೇ ಇರಬೇಕು. ಬೇಗ ಬೇಗ ಬೆಳೆಯುವ ಕಣಗಳಿಗೆಲ್ಲ ಕೀಮೋ ಹೊಡೆಯುತ್ತದೆ. ಕ್ಯಾನ್ಸರ್ ಕಣಕ್ಕೂ ಹೊಡೆತ, ಮಜ್ಜೆಗೂ ಹೊಡೆತ. ಹಲವು ಕೀಮೋ ಔಷಧಗಳಲ್ಲಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಎಣಿಕೆ ತಳ ಮುಟ್ಟುತ್ತದೆ. ಮೂರು ವಾರದ ಹೊತ್ತಿಗೆ ಮತ್ತೆ ಏರುತ್ತದೆ. ಎಷ್ಟೋ ಕೀಮೋಗಳಿಗೆ ಮೂರು ವಾರದ ಅಂತರ ಇಡುವುದೂ ಇದಕ್ಕೇ. ನಿಮ್ಮ ತಾಯಿಗೆ ಈಗ ಹತ್ತನೇ ದಿನ. ಕಾಯಿಲೆ ಮಜ್ಜೆಯೊಳಗೆ ಇಳಿದಿದ್ದರೂ ಎಣಿಕೆ ಕಡಿಮೆಯಾಗಬಹುದು, ಅದನ್ನು ಕ್ಯಾನ್ಸರ್ ವೈದ್ಯರು ನೋಡುತ್ತಾರೆ. ಮಾರ್ಫಿನ್ ಈ ಪಟ್ಟಿಯ ಕೊನೆಯಲ್ಲಿ ಬರುವ ಹೆಸರು.

2,400 ಎಂಬ ಒಂದು ಸಂಖ್ಯೆ ಸಾಲದು. ಅದೇ ರಿಪೋರ್ಟಿನಲ್ಲಿ ಡಿಫರೆನ್ಷಿಯಲ್ ಕೌಂಟ್ ಅಂತ ಇರುತ್ತದೆ. ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ ಎಷ್ಟು ಎಂದು ನೋಡಿ. 35 ಅಂತ ಇದ್ದರೆ 2,400ರಲ್ಲಿ ಶೇ 35, ಅಂದರೆ 840. ಇದು 1,500ಕ್ಕಿಂತ ಮೇಲಿದ್ದರೆ ನೆಮ್ಮದಿ. 1,000ಕ್ಕಿಂತ ಇಳಿದರೆ ಎಚ್ಚರ. 500ಕ್ಕಿಂತ ಕೆಳಗೆ ಹೋದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಈ ಲೆಕ್ಕ ಮಾಡಿ ವೈದ್ಯರಿಗೆ ಫೋನಿನಲ್ಲೇ ಹೇಳಿ, ಅವರಿಗೆ ಬೇಕಾದ ಸಂಖ್ಯೆ ಇದೇ.

ನನಗೆ ನಿಜವಾಗಿ ಚಿಂತೆ ಇರುವುದು ಮಾರ್ಫಿನ್ ಬಗ್ಗೆ ಅಲ್ಲ, ಪ್ಯಾರಾಸಿಟಮಾಲ್ ಬಗ್ಗೆ. ಮಾರ್ಫಿನ್ ಅರ್ಧ ಮಾಡಿದ ಮನೆಗಳಲ್ಲಿ ನೋವು ತಡೆಯಲಾಗದೆ ಡೋಲೋ, ಕ್ರೋಸಿನ್ ಅಥವಾ ಪ್ಯಾರಾಸಿಟಮಾಲ್ ಬೆರೆತ ಟ್ರಮಡಾಲ್ ಮಾತ್ರೆ ಕೊಡುತ್ತಾರೆ. ನೋವೇನೋ ಸ್ವಲ್ಪ ತಗ್ಗುತ್ತದೆ, ಜೊತೆಗೆ ಜ್ವರವೂ ಅಡಗುತ್ತದೆ. ಬಿಳಿ ಕಣ ಕಡಿಮೆ ಇದ್ದಾಗ ಕೀವು ಆಗುವುದಿಲ್ಲ, ಊತ ಕಾಣುವುದಿಲ್ಲ. ಎಷ್ಟೋ ಸಲ ಸೋಂಕಿನ ಒಂದೇ ಸುಳಿವು ಅಂದರೆ ಜ್ವರ. ಅದನ್ನೂ ಮುಚ್ಚಿಬಿಟ್ಟರೆ ಮನೆಯವರಿಗೆ ಗೊತ್ತಾಗುವುದು ಹೇಗೆ? ಆದ್ದರಿಂದ ಇಂಥ ಯಾವುದೇ ಮಾತ್ರೆ ಕೊಡುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿ. ವೈದ್ಯರು ಪ್ಯಾರಾಸಿಟಮಾಲ್ ಬರೆದಿದ್ದರೆ ಆಗಲೂ ಅಷ್ಟೇ. 101 ಡಿಗ್ರಿ ಒಂದು ಸಲ ಬಂದರೂ ಸಾಕು, 100.4 ಬಂದು ಒಂದು ಗಂಟೆ ಇಳಿಯದಿದ್ದರೂ ಸಾಕು, ಹೊರಡಿ. ಬೆಳಿಗ್ಗೆ ಹೋದರಾಯಿತು ಅನ್ನಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ, ರಾಯಚೂರಿನ ರಿಮ್ಸ್ ಆದರೂ ಸರಿ, ಬಳ್ಳಾರಿಗಾದರೂ ಸರಿ. ತುರ್ತು ವಿಭಾಗದಲ್ಲಿ ಮೊದಲ ಮಾತೇ "ಕೀಮೋ ಆಗಿ ಹತ್ತು ದಿನ, ಬಿಳಿ ಕಣ ಕಡಿಮೆ ಇದೆ, ಜ್ವರ ಬಂದಿದೆ" ಎಂದಿರಲಿ. ರಕ್ತ ಪರೀಕ್ಷೆಯ ಚೀಟಿ ಕೈಯಲ್ಲಿರಲಿ. ಇಂಥವರಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಒಂದು ಗಂಟೆಯೊಳಗೆ ಶುರುವಾಗಬೇಕು.

ಮಾರ್ಫಿನ್ ಹಠಾತ್ ನಿಲ್ಲಿಸಿದರೆ ಇನ್ನೊಂದು ಗೊಂದಲ. ಬೆವರು, ನಡುಕ, ಮೂಗು ಸೋರುವುದು, ಭೇದಿ, ಮೈಕೈ ನೋವು ಶುರುವಾಗುತ್ತದೆ. ನೋಡಿದವರಿಗೆ ಥೇಟ್ ಸೋಂಕಿನ ಹಾಗೇ. ವೈದ್ಯರಿಗೂ ಯಾವುದು ಯಾವುದೆಂದು ಬಿಡಿಸುವುದು ಕಷ್ಟವಾಗುತ್ತದೆ.

ಮಲ ಕಟ್ಟುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಳಿ ಕಣ ಕಡಿಮೆ ಇರುವವರು ಮುಕ್ಕಿ ಗುದದ್ವಾರ ಸೀಳಿಕೊಂಡರೆ ಅಲ್ಲಿಂದಲೇ ಸೋಂಕು ರಕ್ತಕ್ಕೆ ಸೇರುತ್ತದೆ. ಹಾಗಂತ ಮನೆಯಲ್ಲೇ ಎನಿಮಾ ಕೊಡುವುದು, ಗುದಕ್ಕೆ ಗುಳಿಗೆ ಇಡುವುದು ಈ ದಿನಗಳಲ್ಲಿ ಖಂಡಿತ ಬೇಡ. ಜ್ವರವನ್ನೂ ಅಲ್ಲಿ ನೋಡಬಾರದು. ಬಾಯಿಂದ ತೆಗೆದುಕೊಳ್ಳುವ ಮಲ ಸಡಿಲಿಸುವ ಔಷಧವನ್ನು ವೈದ್ಯರಿಂದ ಬರೆಸಿಕೊಂಡು ದಿನಾ ಕೊಡಿ. ಮಾರ್ಫಿನ್ ಇರುವವರೆಗೂ ಅದೂ ಇರಬೇಕು.

ಊಟದಲ್ಲಿ ಪಥ್ಯ ಜಾಸ್ತಿ ಬೇಡ. ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ತಿನ್ನುವುದು ನಮ್ಮ ಕಡೆ ರೂಢಿ. ಈ ಎರಡು ವಾರ ಬೇಯಿಸಿದ್ದೇ ಕೊಡಿ. ಕಾಲುವೆ ನೀರು ಕುದಿಸಿಯೇ ಕುಡಿಸಿ. ಮುಟ್ಟುವವರೆಲ್ಲ ಕೈ ತೊಳೆಯಲಿ.

ಇನ್ನೊಂದು ಮಾತು ಹೇಳಲೇಬೇಕು. 1985ರ ಮಾದಕ ವಸ್ತು ಕಾಯ್ದೆಯ ನಂತರ ಬಹಳ ವರ್ಷ ಈ ದೇಶದಲ್ಲಿ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸಲೀಸಾಯಿತು. ಆದರೂ ಸಣ್ಣ ಊರುಗಳಿಗೆ ಅದು ಸುಲಭವಾಗಿ ಬರುವುದಿಲ್ಲ. ಅಷ್ಟು ಕಷ್ಟಪಟ್ಟು ತಂದ ಮಾತ್ರೆಯನ್ನು ಯಾರದೋ ಮಾತು ಕೇಳಿ ಡಬ್ಬಿಯಲ್ಲಿಟ್ಟು ತಾಯಿ ನರಳುವಂತಾಗಬಾರದು.

ಪ್ರಶ್ನೆ: ರೈಸ್ ಮಿಲ್‌ನಲ್ಲಿ ಹಮಾಲಿ ಕೆಲಸ. ವಯಸ್ಸು 41. ಸೊಂಟ ನೋವಿಗೆ ಎರಡು ತಿಂಗಳಿಂದ ಟ್ರಮಡಾಲ್ ನುಂಗುತ್ತಿದ್ದೇನೆ. ಹೋದ ವಾರ ಜ್ವರ ಬಂದಾಗ ಬಿಳಿ ಕಣ 3,200 ಇತ್ತು. ಮಾತ್ರೆಯಿಂದ ಆಗಿದೆಯಾ?
– ಓದುಗರು, ಗಂಗಾವತಿ

ಉತ್ತರ: ಜ್ವರದಿಂದ ಆಗಿರುವ ಸಾಧ್ಯತೆಯೇ ಜಾಸ್ತಿ. ಟೈಫಾಯ್ಡ್‌ನಲ್ಲಿ, ಡೆಂಗಿ ಮತ್ತು ಬೇರೆ ವೈರಲ್ ಜ್ವರಗಳಲ್ಲಿ ಬಿಳಿ ಕಣ ಇಳಿಯುವುದು ಮಾಮೂಲು. ಜ್ವರ ಬಿಟ್ಟ ಎರಡು ಮೂರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಏರದಿದ್ದರೆ ಬಿ12 ಕೊರತೆ, ಕುಡಿತ, ಗುಲ್ಮದ ಊತ, ಎಚ್‌ಐವಿ ಎಲ್ಲವನ್ನೂ ನೋಡಬೇಕು.

ಒಂದು ವಿಷಯ ಪತ್ತೆ ಮಾಡಿ. ನೀವು ನುಂಗುತ್ತಿರುವುದು ಬರೀ ಟ್ರಮಡಾಲಾ? ಪುಡಿಕೆ ಕಟ್ಟಿ ಕೊಟ್ಟ ಬಿಡಿ ಮಾತ್ರೆಗಳೂ ಇದ್ದರೆ ಅವುಗಳ ಸ್ಟ್ರಿಪ್ ತೋರಿಸಿ ಎಂದು ಕೇಳಿ. ಅನಾಲ್ಜಿನ್ ಎಂಬ ಹಳೆಯ ನೋವಿನ ಔಷಧ ಅಪರೂಪಕ್ಕೆ ಕೆಲವರಲ್ಲಿ ನ್ಯೂಟ್ರೋಫಿಲ್‌ಗಳನ್ನು ಪೂರ್ತಿ ಅಳಿಸಿಹಾಕುತ್ತದೆ. ಅಮೆರಿಕದಲ್ಲಿ 1977ರಲ್ಲೇ ಅದನ್ನು ತೆಗೆದರು. ನಮ್ಮಲ್ಲಿ 2013ರಲ್ಲಿ ತಡೆದು, 2014ರಲ್ಲಿ ಷರತ್ತು ಹಾಕಿ ಮತ್ತೆ ಬಿಟ್ಟರು. ನರದ ನೋವಿಗೆ ಕೊಡುವ ಕಾರ್ಬಮಾಜೆಪಿನ್ ಕೂಡ ಬಿಳಿ ಕಣ ಇಳಿಸಬಲ್ಲದು. ಗಂಟಲು ಹುಣ್ಣಾಗಿ ಜೋರು ಜ್ವರ ಬಂದರೆ ಅಂಥ ಮಾತ್ರೆ ಬಿಟ್ಟು ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು.

ಟ್ರಮಡಾಲನ್ನು ಎರಡು ತಿಂಗಳಿಂದ ದಿನಾ ನುಂಗುವುದು ನನಗೆ ಸರಿ ಕಾಣುವುದಿಲ್ಲ. ಚಟ ಹಿಡಿಯುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಕುಡಿತದ ಜೊತೆ ಸೇರಿದರೆ ಉಸಿರಿಗೇ ಕುತ್ತು. 2018ರಿಂದ ಅದೂ ಮಾದಕ ವಸ್ತು ಕಾಯ್ದೆಯೊಳಗೆ ಬಂದಿದೆ. ದಿಢೀರ್ ಬಿಡಬೇಡಿ. ಕೊಪ್ಪಳದ ಕಿಮ್ಸ್‌ನಲ್ಲಿ ಮೂಳೆ ವೈದ್ಯರಿಗೆ ಸೊಂಟ ತೋರಿಸಿ, ನಿಧಾನವಾಗಿ ಕಡಿಮೆ ಮಾಡಿಸಿಕೊಳ್ಳಿ.

ಪ್ರಶ್ನೆ: ತಂದೆಗೆ ನೋವಿಗಾಗಿ ಫೆಂಟಾನಿಲ್ ಪ್ಯಾಚ್ (ಮಾರ್ಫಿನ್ ಜಾತಿಯ ಔಷಧವನ್ನು ಚರ್ಮದ ಮೂಲಕ ಒಳಗೆ ಬಿಡುವ ಪಟ್ಟಿ) ಅಂಟಿಸಿದ್ದೇವೆ. ಬಿಳಿ ಕಣ ಕಡಿಮೆ ಇದೆ, ಆಗಾಗ ಜ್ವರ. ಬೇಸಿಗೆಯಲ್ಲಿ ಏನಾದರೂ ಎಚ್ಚರ ಬೇಕಾ?
– ಓದುಗರು, ಬಳ್ಳಾರಿ

ಉತ್ತರ: ಮೊದಲು ಜ್ವರದ ಮಾತು. ಬಿಳಿ ಕಣ ಕಡಿಮೆ ಇರುವಾಗ ಆಗಾಗ ಜ್ವರ ಬರುತ್ತಿದ್ದರೆ ಸುಮ್ನೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ತೋರಿಸಿ. ಎರಡನೆಯದು ಬಿಸಿ. ಮೈ ಕಾವು ಏರಿದರೆ ಪ್ಯಾಚ್‌ನಿಂದ ಔಷಧ ಬೇಗ ಬೇಗ ಒಳಗೆ ಹೋಗುತ್ತದೆ. ಜ್ವರ ಇರಲಿ, ಬಳ್ಳಾರಿ ಬಿಸಿಲಿರಲಿ, ಬಿಸಿನೀರಿನ ಶಾಖವಿರಲಿ, ಎಲ್ಲವೂ ಒಂದೇ. ಪ್ಯಾಚ್ ಇರುವ ಜಾಗಕ್ಕೆ ಶಾಖ ಕೊಡಬೇಡಿ. ತಗಡಿನ ಮನೆಯಾದರೆ ಮಧ್ಯಾಹ್ನ ತಂಪಾದ ಕಡೆ ಮಲಗಿಸಿ. ಕರೆದರೆ ಏಳದಷ್ಟು ಮಂಪರು, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು ಕಂಡರೆ ಪ್ಯಾಚ್ ಕಿತ್ತು 108ಕ್ಕೆ ಫೋನ್ ಮಾಡಿ. ಕಿತ್ತ ಮೇಲೂ ಚರ್ಮದಲ್ಲಿ ಉಳಿದ ಔಷಧ ಗಂಟೆಗಟ್ಟಲೆ ಕೆಲಸ ಮಾಡುತ್ತದೆ, ಆದ್ದರಿಂದ ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಕಿತ್ತ ಪ್ಯಾಚ್ ಮಡಚಿ, ಮಕ್ಕಳ ಕೈಗೆ ಸಿಗದಂತೆ ಇಡಿ.