ಕೋವಿ ಬೆಂಚಿನಿಂದ: ಅಗ್ಗದ ರೈಫಲ್‌ಗೆ ಗುರಿ ಬರುತ್ತಾ?

ಪ್ರಶ್ನೆ: ಸರ್, ಬೇಟೆ ಲೈಸೆನ್ಸಿನ ಪರೀಕ್ಷೆ ಈಗಷ್ಟೇ ಪಾಸಾಗಿದ್ದೇನೆ. ಜಿಂಕೆ ಬೇಟೆಗೆ ನನ್ನ ಮೊದಲ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಈಡಿಗೂ ಬೋಲ್ಟ್‌ನ ಹಿಡಿ ಎತ್ತಿ, ಹಿಂದೆಳೆದು, ಮುಂದೆ ತಳ್ಳಿ ತೋಟಾ ತುಂಬುವಂಥದ್ದು) ಕೊಳ್ಳಬೇಕು. ಕೈಯಲ್ಲಿ ದುಡ್ಡು ಕಮ್ಮಿ. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್, ಮಾಸ್‌ಬರ್ಗ್ ಪೇಟ್ರಿಯಟ್ ಮೂರನ್ನೂ ನೋಡಿ ಬಂದೆ. ಗೆಳೆಯನೊಬ್ಬ, "ಅವೆಲ್ಲ ಪ್ಲಾಸ್ಟಿಕ್ ಆಟಿಕೆ. ಇನ್ನೆರಡು ವರ್ಷ ದುಡ್ಡು ಕೂಡಿಸಿ .300 ವಿನ್‌ಚೆಸ್ಟರ್ ಮ್ಯಾಗ್ನಮ್ ತೋಟಾ ಹಾಕುವ ರೈಫಲ್ ತಗೋ" ಅನ್ನುತ್ತಾನೆ. ಅಗ್ಗದ ರೈಫಲ್ ನಿಜಕ್ಕೂ ಗುರಿಗೆ ಹೊಡೆಯುತ್ತಾ?

ಉತ್ತರ: ಹೊಡೆಯುತ್ತದೆ. ನಿಮಗಿಂತ, ನನಗಿಂತ ಚೆನ್ನಾಗಿಯೇ ಹೊಡೆಯುತ್ತದೆ.

ಕೋವಿ ರಿಪೇರಿ ಬೆಂಚಿನ ಮುಂದೆ ಮೂವತ್ತು ವರ್ಷ ಕೂತವನು ನಾನು. ಶುರುವಿನಲ್ಲಿ ಅಗ್ಗದ ರೈಫಲ್ ಅಂದರೆ ನನಗೂ ತಾತ್ಸಾರ ಇತ್ತು. ಆಗೆಲ್ಲ ಒಳ್ಳೆಯ ರೈಫಲ್ ಅಂದರೆ ಕೈಕೆಲಸ. ನಳಿಗೆಯನ್ನು ರಿಸೀವರ್‌ಗೆ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ನಡುಭಾಗಕ್ಕೆ, ಅಳೆದು ಕೂರಿಸಬೇಕು, ಅವನ್ನೆಲ್ಲ ಹೊತ್ತು ಭುಜಕ್ಕೆ ಆನುವ ಮರದ ಸ್ಟಾಕನ್ನು ಉಜ್ಜಿ ಉಜ್ಜಿ ಹೊಂದಿಸಬೇಕು. ಆ ಕೈಗಳಿಗೆ ಕೊಡುವ ಕೂಲಿಯೇ ಬೆಲೆಯಲ್ಲಿ ದೊಡ್ಡ ಪಾಲು. ಸ್ಯಾವೇಜ್ 1958ರಲ್ಲಿ 110 ಮಾಡೆಲ್ ತಂದಾಗ ಒಂದು ಜಾಣತನ ಮಾಡಿತು. ನಳಿಗೆಯನ್ನು ತಿರುಗಿಸುತ್ತಾ ಹೋಗಿ, ಗೇಜ್ ಇಟ್ಟು ಅಳತೆ ಸರಿ ಬಂದ ಕಡೆ ಒಂದು ನಟ್ ಬಿಗಿದರೆ ಮುಗಿಯಿತು. ಉಜ್ಜುವ ಕೆಲಸವೇ ಇಲ್ಲ. ನೀವು ನೋಡಿದ ರೂಗರ್‌ನಲ್ಲೂ ಅದೇ ನಟ್ ಇದೆ. ಅದರ ಜೊತೆಗೆ ಕಂಪ್ಯೂಟರ್ ನಡೆಸುವ ಲೇತು ಬಂತು, ಅಚ್ಚಿನಲ್ಲಿ ಎರಕ ಹೊಯ್ದ ಸ್ಟಾಕ್ ಬಂತು. ಉಳಿತಾಯ ಆದದ್ದು ಕೂಲಿಯಲ್ಲಿ ಮತ್ತು ಅಂದದಲ್ಲಿ. ನಳಿಗೆಯಲ್ಲಿ ಅಲ್ಲ.

ಒಂದು ಲೆಕ್ಕ ಹಾಕೋಣ. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟಿಂಚು ಅಗಲ. ಗೇಣಿಗೆ ಒಂದಿಂಚು ಕಮ್ಮಿ. 100 ಗಜದಲ್ಲಿ ಎರಡಿಂಚಿನೊಳಗೆ ಗುಂಡು ಕೂರಿಸುವ ರೈಫಲ್ 200 ಗಜದಲ್ಲಿ ನಾಲ್ಕಿಂಚಿನೊಳಗೆ ಕೂರಿಸುತ್ತದೆ. ಇನ್ನೂ ನಾಲ್ಕಿಂಚು ನಿಮ್ಮ ಉಸಿರಿಗೆ, ನಡುಗುವ ಕೈಗೆ ಉಳಿಯಿತು. ಈಗಿನ ಅಗ್ಗದ ರೈಫಲ್‌ಗಳು ಸರಿಯಾದ ತೋಟಾ ಸಿಕ್ಕರೆ ಆ ಎರಡಿಂಚನ್ನು ಒಂದೂವರೆಗೆ, ಎಷ್ಟೋ ಸಲ ಒಂದಕ್ಕೇ ಇಳಿಸುತ್ತವೆ. ಹಾಗಾಗಿ ಗುರಿಯ ಚಿಂತೆ ಬಿಡಿ.

ಚಿಂತೆ ಮಾಡಬೇಕಾದ್ದು ಗೆಳೆಯರು ಹೇಳಿದ .300 ಬಗ್ಗೆ. ಅದು 1963ರಲ್ಲಿ ಬಂದ ತೋಟಾ. ತುಂಬ ದೂರಕ್ಕೂ ದೊಡ್ಡ ಪ್ರಾಣಿಗೂ ಒಳ್ಳೆಯದು. ನಾನು ಮೊದಲು ಕೊಂಡದ್ದೂ ಅದೇ, ಅದೂ ಹಗುರ ರೈಫಲ್‌ನಲ್ಲಿ. ಎರಡನೇ ಡಬ್ಬಿ ಮುಗಿಯುವ ಹೊತ್ತಿಗೆ ನನ್ನ ಗುಂಡುಗಳೆಲ್ಲ ಕೆಳಗೆ, ಎಡಕ್ಕೆ ಬೀಳತೊಡಗಿದವು. ಗುರಿ ನೋಡುವ ದುರ್ಬೀನಿಗೆ, ಅಂದರೆ ಸ್ಕೋಪಿಗೆ ಬೈದೆ, ತೋಟಾಕ್ಕೆ ಬೈದೆ. ನನಗೆ ಗುರಿ ಕಲಿಸಿದ ಹಿರಿಯರು ಒಂದು ದಿನ ರೈಫಲ್ ಕೈಗೆ ಕೊಟ್ಟು, "ಹೊಡಿ" ಅಂದರು. ನನಗೆ ಕಾಣದ ಹಾಗೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿದ್ದರು. ಟ್ರಿಗರ್ ಎಳೆದೆ. ಟಿಕ್ ಅಂತಷ್ಟೇ ಸದ್ದು. ಒದೆತವೇ ಇಲ್ಲ. ಆದರೂ ನಳಿಗೆ ನಾಲ್ಕು ಬೆರಳು ಕೆಳಗೆ ಕುಕ್ಕಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಅವರು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಆ ಬೆಚ್ಚುವಿಕೆ ಬಿಡಿಸಿಕೊಳ್ಳಲು ನನಗೆ ಒಂದಿಡೀ ವರ್ಷ ಹಿಡಿಯಿತು, ಅದೂ .22ರ ಚಿಕ್ಕ ರೈಫಲ್‌ನಲ್ಲಿ.

ಜಿಂಕೆಗೆ .243 ವಿನ್‌ಚೆಸ್ಟರ್, 6.5 ಕ್ರೀಡ್‌ಮೂರ್, .308 ವಿನ್‌ಚೆಸ್ಟರ್, ಈ ಮೂರರಲ್ಲಿ ಒಂದು ಸಾಕು. .243 ಹುಟ್ಟಿದ್ದೇ .308ರ ಕೇಸಿನ, ಅಂದರೆ ಮದ್ದು ತುಂಬುವ ಕೊಳವೆಯ, ಕತ್ತು ಕಿರಿದು ಮಾಡಿ. ಒದೆತ ಅದರ ಅರ್ಧಕ್ಕಿಂತ ತುಸು ಜಾಸ್ತಿ, ಅಷ್ಟೇ. ಮುಂದೆ ಇನ್ನೂ ದೊಡ್ಡ ಪ್ರಾಣಿಯ ಆಲೋಚನೆ ಇದ್ದರೆ .308. ಇಲ್ಲದಿದ್ದರೆ 6.5 ಕ್ರೀಡ್‌ಮೂರ್. 2007ರಲ್ಲಿ ಬಂದ ಹೊಸಬ, ಒದೆತ ಮೆತ್ತಗೆ, ದೂರಕ್ಕೂ ನೇರ. ಆದರೆ ಅಂಗಡಿಗೆ ಹೋಗಿ ರೈಫಲ್ ಕೇಳುವ ಮೊದಲು ತೋಟಾ ಕೇಳಿ. ಯಾವುದು ಯಾವಾಗಲೂ ಸಿಗುತ್ತದೆ, ಇಪ್ಪತ್ತರ ಡಬ್ಬಿಗೆ ಎಷ್ಟು? ಕಪಾಟಿನಲ್ಲಿ ಕಾಣದ ತೋಟಾದ ರೈಫಲ್ ಎಷ್ಟೇ ಅಗ್ಗವಾದರೂ ಬೇಡ. ಕೆಲವು ಕಡೆ ಯಾವ ಪ್ರಾಣಿಗೆ ಎಷ್ಟು ದಪ್ಪದ ಗುಂಡು ಇರಬೇಕು, ಸೀಸ ಇರಬಹುದೇ ಅನ್ನುವುದಕ್ಕೂ ಕಾನೂನಿದೆ. ಲೈಸೆನ್ಸ್ ಪುಸ್ತಕದಲ್ಲಿ ಅದನ್ನೂ ನೋಡಿಕೊಳ್ಳಿ.

ಈಗ ನಿಮ್ಮ ಮೂರು ರೈಫಲ್. ರೂಗರ್‌ನ ಬೋಲ್ಟನ್ನು ಬೀಗದಂತೆ ಹಿಡಿದಿಡಲು ಮೂರು ಹಲ್ಲು, ಹಿಡಿಯನ್ನು 70 ಡಿಗ್ರಿ ಎತ್ತಿದರೆ ಸಾಕು. ಎರಡು ಹಲ್ಲಿನ ಬೋಲ್ಟ್‌ನಲ್ಲಿ 90 ಎತ್ತಬೇಕು. ಕೈಗವಸು ಹಾಕಿಕೊಂಡು ಸ್ಕೋಪಿನ ಕೆಳಗೆ ಬೆರಳು ತೂರಿಸುವಾಗ ಆ ಇಪ್ಪತ್ತು ಡಿಗ್ರಿಯ ಬೆಲೆ ತಿಳಿಯುತ್ತದೆ. ಟ್ರಿಗರ್‌ನ ಬಿಗಿಯನ್ನು ನೀವೇ ಹೊಂದಿಸಿಕೊಳ್ಳಬಹುದು. ಅದರ ಮೊದಲ ತಲೆಮಾರಿನ ಸ್ಟಾಕ್ ಮಾತ್ರ ನನಗೆ ಇಷ್ಟವಿಲ್ಲ, ಮುಂಭಾಗ ಬಳುಕುತ್ತದೆ. ಆಕ್ಸಿಸ್ 2010ರಲ್ಲಿ ಎಡ್ಜ್ ಅನ್ನುವ ಹೆಸರಿನಲ್ಲಿ ಬಂತು, ಆಮೇಲೆ ಹೆಸರು ಬದಲಾಯಿತು. ನಳಿಗೆ ಚಿನ್ನ. ಮೂಲ ಮಾಡೆಲ್‌ನ ಟ್ರಿಗರ್ ಮಾತ್ರ ಎತ್ತಿನಗಾಡಿ ಎಳೆದ ಹಾಗೆ. ಹೊಂದಿಸಬಹುದಾದ ಆಕ್ಯುಟ್ರಿಗರ್ ಇರುವ ಆಕ್ಸಿಸ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಟ್ರಿಗರ್ ನಡುವೆ ಸಣ್ಣ ತಗಡಿನ ನಾಲಿಗೆ ಇದ್ದರೆ ಅದೇ. ಪೇಟ್ರಿಯಟ್ ಮರದ ಸ್ಟಾಕಿನಲ್ಲೂ ಬರುತ್ತದೆ, ನೋಡಲು ಮೂರರಲ್ಲಿ ಅಂದ. ಗೆಳೆಯರ ಪ್ಲಾಸ್ಟಿಕ್ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತಲ್ವಾ?

ಇವುಗಳಲ್ಲಿ ಯಾವುದು ಅಂತ ನಾನು ಹೇಳುವುದಿಲ್ಲ, ನಿಮ್ಮ ಭುಜ ಹೇಳಬೇಕು. ಅಂಗಡಿಯವರು ಬೋಲ್ಟ್ ತೆಗೆದು ಖಾಲಿ ಅಂತ ತೋರಿಸಿದ ಮೇಲೂ ಒಮ್ಮೆ ನೀವೇ ಇಣುಕಿ ನೋಡಿ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ತನ್ನಿ, ಕೆನ್ನೆ ಸ್ಟಾಕಿಗೆ ಆನಿಸಿ, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪಿನೊಳಗೆ ಪೂರ್ತಿ ದುಂಡಗೆ ಚಿತ್ರ ಕಂಡರೆ ಅದು ನಿಮ್ಮ ರೈಫಲ್. ಕತ್ತು ಎತ್ತಿ, ತಗ್ಗಿಸಿ ಹುಡುಕಬೇಕಾಗಿ ಬಂದರೆ ಬೇರೆಯದನ್ನು ಹಿಡಿಯಿರಿ. ಭುಜದಿಂದ ಇಳಿಸದೆ ಬೋಲ್ಟ್ ಆಡಿಸಿ. ಟ್ರಿಗರ್ ಎಳೆದು ನೋಡುವ ಮೊದಲು ಕೇಳಿಕೊಳ್ಳಿ. ಕೊನೆಗೆ ಒಂದು ತೆಳು ಕಾಗದವನ್ನು ನಳಿಗೆ ಮತ್ತು ಸ್ಟಾಕಿನ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ರಿಸೀವರ್ ಹತ್ತಿರದವರೆಗೆ ತಡೆಯಿಲ್ಲದೆ ಹೋಗಬೇಕು. ಸ್ಟಾಕಿನ ಮುಂಭಾಗವನ್ನು ಸ್ವಲ್ಪ ಒತ್ತಿ ಹಿಡಿದು ಮತ್ತೆ ಎಳೆಯಿರಿ. ಅಲ್ಲಿ ಕಾಗದ ಸಿಕ್ಕಿಕೊಂಡರೆ ಅದೇ ನಾನು ಹೇಳಿದ ಬಳುಕು.

ಉಳಿದ ದುಡ್ಡು ಸ್ಕೋಪ್‌ಗೆ. ರೈಫಲ್ ಜೊತೆ ಸ್ಕೋಪ್ ಸೇರಿಸಿ ಕೊಡುವ ಪ್ಯಾಕೇಜಿನಲ್ಲಿ ಸೋಲುವುದು ಹೆಚ್ಚಾಗಿ ಸ್ಕೋಪೇ. ಮುಸ್ಸಂಜೆಯಲ್ಲಿ ಮಸುಕಾಗುತ್ತದೆ, ಜಿಂಕೆ ಹೊರಬರುವುದೂ ಆ ಹೊತ್ತಿಗೇ. ಒಳ್ಳೆಯ ಗಾಜಿನ 3-9x40, ಅಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿ.ಮೀ. ಮುಂಗಾಜಿನದು ಒಂದಿದ್ದರೆ ಸಾಕು. ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸುವುದು ಬೇಡ, ಅದರಲ್ಲಿ ಕಾಣುವುದು ನಿಮ್ಮ ನಡುಕವೇ. ಅದರಲ್ಲೂ ಉಳಿದದ್ದಕ್ಕೆ ತೋಟಾ. ಮೂರು ಬಗೆಯ ಒಂದೊಂದು ಡಬ್ಬಿ ತಂದು, ಯಾವುದನ್ನು ನಿಮ್ಮ ರೈಫಲ್ ಮೆಚ್ಚುತ್ತದೆ ನೋಡಿ, ಅದಕ್ಕೇ ಅಂಟಿಕೊಳ್ಳಿ. ಒಂದೇ ಅಚ್ಚಿನ ಎರಡು ರೈಫಲ್‌ಗಳ ರುಚಿಯೂ ಬೇರೆ ಬೇರೆ ಇರುತ್ತದೆ.

ಪ್ರಶ್ನೆ: ಹಳೆಯ ಮಿಲಿಟರಿ ಮೌಸರ್ 98 ಒಂದು ಹೊಸ ರೈಫಲ್‌ನ ಅರ್ಧ ಬೆಲೆಗೆ ಸಿಗುತ್ತಿದೆ. ಅದಕ್ಕೆ ಸ್ಕೋಪ್ ಹಾಕಿಸಿದರೆ ಲಾಭ ಅಲ್ವಾ?

ಉತ್ತರ: ಪ್ರೀತಿಯಿಂದ ಕೊಳ್ಳುವುದಾದರೆ ಕೊಳ್ಳಿ. ಲಾಭದ ಲೆಕ್ಕಕ್ಕೆ ಬೇಡ. 1898ರ ಆ ವಿನ್ಯಾಸಕ್ಕೆ ನಾನು ಕೈ ಮುಗಿಯುತ್ತೇನೆ. ಮ್ಯಾಗಜಿನ್‌ನಿಂದ ಎದ್ದ ತೋಟಾವನ್ನು ಉಗುರಿನಂಥ ದೊಡ್ಡ ಕೊಕ್ಕೆ ಹಿಡಿದುಕೊಂಡರೆ ಹೊರಗೆ ಎಸೆಯುವ ತನಕ ಬಿಡುವುದಿಲ್ಲ. ಆದರೆ ಅದನ್ನು ಸ್ಕೋಪ್‌ಗಾಗಿ ಮಾಡಿದ್ದಲ್ಲ. ರಿಸೀವರ್‌ಗೆ ತೂತು ಕೊರೆಯಬೇಕು. ಬೋಲ್ಟ್‌ನ ಹಿಡಿ ಸ್ಕೋಪಿಗೆ ತಾಗುತ್ತದೆ, ಬಗ್ಗಿಸಬೇಕು. ಸೇಫ್ಟಿ ಮೇಲೆ ಎದ್ದು ನಿಲ್ಲುತ್ತದೆ, ಬದಲಿಸಬೇಕು. ಇಷ್ಟಕ್ಕೆಲ್ಲ ನನ್ನಂಥವನ ಕೂಲಿ ಸೇರಿದರೆ ಹೊಸ ಆಕ್ಸಿಸ್‌ನ ಬೆಲೆ ದಾಟುತ್ತದೆ. ನನಗೆ ಕೆಲಸ ಸಿಗುತ್ತದೆ ನಿಜ, ಆದರೂ ಹೇಳುತ್ತಿದ್ದೇನೆ.

ಕೊಂಡೇ ಕೊಳ್ಳುತ್ತೀರಾದರೆ ಬೋಲ್ಟ್ ಮತ್ತು ರಿಸೀವರ್ ಮೇಲಿನ ನಂಬರು ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಹೆಡ್‌ಸ್ಪೇಸ್ ಗೇಜ್ (ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗ ಅಳೆಯುವ ಸಾಧನ) ಹಾಕಿಸದೆ ಒಂದು ಈಡೂ ಹೊಡೆಯಬೇಡಿ. ನಂಬರು ಒಂದೇ ಇದ್ದರೂ ಗೇಜ್ ಹಾಕಿಸುವುದೇ ಕ್ಷೇಮ. ಯಾವ ತೋಟಾಕ್ಕೆ ಚೇಂಬರ್, ಅಂದರೆ ತೋಟಾ ಕೂರುವ ಗೂಡು, ಕೊರೆದಿದ್ದಾರೆ ಅನ್ನುವುದನ್ನು ಬಾಯಿಮಾತಲ್ಲಿ ನಂಬಬೇಡಿ, ಅಳೆಸಿ. ನಳಿಗೆಯ ತುದಿಯ ಅಂಚಿನಲ್ಲಿ ಗಾಯ ಇದ್ದರೆ ಗುಂಡು ಹೊರಡುವಾಗಲೇ ಸೊಟ್ಟ. ಸ್ಟಾಕ್ ಬಿಚ್ಚಿಸಿ ಕೆಳಗಿನ ತುಕ್ಕು ನೋಡಿ, ಮಾರುವವರು ಮೇಲಷ್ಟೇ ಎಣ್ಣೆ ಒರೆಸಿರುತ್ತಾರೆ. ಹಳೆಯ ಮಿಲಿಟರಿ ತೋಟಾ ಹೊಡೆದರೆ ಅದರ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಬಿಡುತ್ತದೆ. ಅದು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಗೆ ಕರಗದು. ಅದೇ ದಿನ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ.

ಪ್ರಶ್ನೆ: ನಾನು ಎಡಗೈಯವಳು. ಅಗ್ಗದರಲ್ಲಿ ಎಡಗೈ ರೈಫಲ್ ಇದೆಯಾ?

ಉತ್ತರ: ಇದೆ. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಎರಡರಲ್ಲೂ ಎಡಗೈ ಮಾಡೆಲ್ ಮಾಡಿದ್ದಾರೆ. ಎರಡರ ಸೇಫ್ಟಿಯೂ ಹೆಬ್ಬೆರಳಿನ ಕೆಳಗೆ, ನಡುವಿನಲ್ಲಿದೆ, ಯಾವ ಕೈಗೂ ಸಲೀಸು. ಅದಕ್ಕೂ ಮೊದಲು ನಿಮ್ಮ ಕಣ್ಣು ಯಾವುದು ಅಂತ ತಿಳಿದುಕೊಳ್ಳಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ಗೋಡೆ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ನಿಮ್ಮ ಗುರಿಯ ಕಣ್ಣು. ಕೈ ಎಡವಾಗಿದ್ದು ಕಣ್ಣು ಬಲವಾಗಿರುವವರೂ ಇದ್ದಾರೆ. ಹಾಗಿದ್ದರೆ, ಹೊಸದಾಗಿ ಕಲಿಯುವುದೇ ಆದರೆ, ಬಲಗೈ ರೈಫಲ್‌ನಲ್ಲೇ ಕಲಿತು ನೋಡಿ.

ಪ್ರಶ್ನೆ: ನಮ್ಮ ಮನೆಯವರ ರೈಫಲ್ ಇದ್ದಕ್ಕಿದ್ದಂತೆ ಗುರಿ ತಪ್ಪುತ್ತಿದೆಯಂತೆ. ಹಾಳಾಗಿದೆ, ಹೊಸದು ಬೇಕು ಅಂತ ಹಠ. ನಾಲ್ಕೇ ವರ್ಷ ಆಗಿದೆ. ನಿಜಕ್ಕೂ ಹಾಳಾಗುತ್ತಾ?

ಉತ್ತರ: ನಾಲ್ಕು ವರ್ಷದ ಬೇಟೆಗೆ ನಳಿಗೆ ಸವೆಯುವುದಿಲ್ಲ ತಾಯಿ. "ಗುರಿ ಹಾಳಾಗಿದೆ" ಅಂತ ನನ್ನ ಬೆಂಚಿಗೆ ಬರುವ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ನಾನು ಮಾಡುವ ರಿಪೇರಿ ಸ್ಕ್ರೂ ಬಿಗಿಯುವುದು. ಮೊದಲು ಸ್ಕೋಪಿನ ಉಂಗುರದ್ದು, ಆಮೇಲೆ ಅದರ ಅಡಿಯ ಬೇಸಿನದ್ದು, ಕೊನೆಗೆ ಸ್ಟಾಕಿನದ್ದು, ಕಂಪನಿ ಹೇಳಿದ ಬಿಗಿಗೆ ಸರಿಯಾಗಿ. ನಳಿಗೆಯೊಳಗಿನ ತಾಮ್ರದ ಕರೆ ತೆಗೆಯಲಿ. ಮೂರು ಈಡು ಹೊಡೆದು ನಳಿಗೆ ತಣ್ಣಗಾಗುವ ತನಕ ಕಾಯಲಿ, ತೆಳು ನಳಿಗೆ ಕಾದರೆ ಗುಂಡು ಚದುರುವುದು ಸಹಜ. ಹಳೆಯ ತೋಟಾದ ಬ್ರ್ಯಾಂಡ್ ಬದಲಿಸಿದ್ದಾರಾ ಅಂತಲೂ ಕೇಳಿ. ಇಷ್ಟೆಲ್ಲ ಆಗಿ ಗುಂಡುಗಳು ಮತ್ತೆ ಒಂದೇ ಕಡೆ ಕೂತ ಮೇಲೂ ಹೊಸದೇ ಬೇಕು ಅಂದರೆ, ಆ ಕಾಯಿಲೆ ರೈಫಲ್‌ನದ್ದಲ್ಲ. ನನಗೂ ಅದೇ ಇದೆ, ಮನೆಯಲ್ಲಿ ಏಳು ರೈಫಲ್ ಇವೆ.