ಡ್ರಿಲ್ ಉಲ್ಟಾ ತಿರುಗುತ್ತಿತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಬಳಿ ಬಂದ ಹೊಸ ಅಪ್ಪ. ಅವರಿಗೆ 34 ವರ್ಷ. ಮಗಳಿಗೆ ಏಳು ವಾರ. ಕೂತವರೇ ಜೇಬಿನಿಂದ ಮಡಚಿದ ಹಾಳೆ ತೆಗೆದರು. 'ಗಂಡಸು ಕಲಿಯಬೇಕಾದದ್ದು' ಅಂತ ತಲೆಬರಹ. ಗೋಡೆಗೆ ತೂತು ಕೊರೆಯುವುದು, ಕಾರಿನ ಚಕ್ರ ಬದಲಿಸುವುದು, ದನಿ ದಪ್ಪ ಮಾಡುವುದು, ಅಳದಿರುವುದು. ಮೊದಲೆರಡನ್ನು ಹೊಡೆದು ಹಾಕಿತ್ತು.

"ಕಲಿತಿರಾ?" ಅಂದೆ.

"ಇಲ್ಲ, ಕೈಬಿಟ್ಟೆ."

ಶೆಲ್ಫ್ ಹಾಕಲು ಅರ್ಧ ಗಂಟೆ ಡ್ರಿಲ್ ಒತ್ತಿದ್ದರಂತೆ. ಗೋಡೆ ಮೇಲೆ ಕಪ್ಪು ಚುಕ್ಕೆ ಮೂಡಿತು, ಅಷ್ಟೇ. ಡ್ರಿಲ್ ಉಲ್ಟಾ ತಿರುಗುತ್ತಿತ್ತು! ಸದ್ದಿಗೆ ಮಗು ಎದ್ದು ಕಿರುಚಿತು. ಹೆಂಡತಿ ಬಂದು, ಡ್ರಿಲ್ಲಿನ ಪಕ್ಕದ ಗುಂಡಿ ತಳ್ಳಿ, ಮಾತಾಡದೆ ಮಗುವನ್ನು ಎತ್ತಿಕೊಂಡು ಹೋದರು. ಚಕ್ರದ ಕಥೆಯೂ ಇಷ್ಟೇ. ಮೊದಲು ಜಾಕ್ ಕೊಟ್ಟು ಕಾರು ಎತ್ತಿ, ಆಮೇಲೆ ನಟ್ಟು ಬಿಚ್ಚಲು ಹೋದರು. ನಟ್ಟಿನ ಜೊತೆ ಚಕ್ರವೂ ಸುತ್ತಿತು. (ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಬೇಕು. ನಾನೂ ಹಾಗೇ ಮಾಡಿ ಕಲಿತವನು.)

ಇಬ್ಬರೂ ನಕ್ಕೆವು. ನಗು ನಿಲ್ಲುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

"ನನ್ನ ಕೈಯಲ್ಲಿ ಮಗು ಅಳು ನಿಲ್ಸಲ್ಲ. ಅವಳು ಎತ್ತಿಕೊಂಡರೆ ಸುಮ್ನಾಗುತ್ತೆ. ಮತ್ತೆ ನಾನು ಯಾಕಿರಬೇಕು?"

ಈ ಮಾತನ್ನು ಹಾಗೇ ಬಿಡುವಂತಿಲ್ಲ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಹೆರಿಗೆಯ ನಂತರದ ಖಿನ್ನತೆ ಗುರುತಿಸುವ ಎಡಿನ್‌ಬರೋ ಮಾಪಕದ 10 ಪ್ರಶ್ನೆಗಳನ್ನೂ ಕೇಳಿದೆ. 1987ರಲ್ಲಿ ತಾಯಂದಿರಿಗೆಂದು ಬಂದದ್ದು, ಈಗ ಅಪ್ಪಂದಿರಿಗೂ ಬಳಸುತ್ತೇವೆ. ಹೆರಿಗೆಯ ಆಸುಪಾಸಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನಿಗೆ ಖಿನ್ನತೆ ಕಾಡುತ್ತದೆ. ಇವರ ಅಂಕ ಕಡಿಮೆಯೇ ಇತ್ತು, ಅಂದರೆ ಖಿನ್ನತೆಯ ಸೂಚನೆ ಇರಲಿಲ್ಲ. ಕೊರತೆ ಇದ್ದದ್ದು ನಿದ್ದೆಯದ್ದು.

"ನಿಮ್ಮಪ್ಪ ಹೇಗಿದ್ದರು?"

"ಏನು ಕೆಟ್ಟರೂ ರಿಪೇರಿ ಮಾಡೋರು. ನನ್ನನ್ನು ಎತ್ತಿಕೊಂಡ ನೆನಪಿಲ್ಲ."

ಅಲ್ಲಿಗೆ ನನಗೆ ಡ್ರಿಲ್ ಅರ್ಥವಾಯಿತು. ಮನೆಯಲ್ಲಿ ಇವರದ್ದು ಅಂತ ಒಂದು ಕೆಲಸ ಇರಲಿಲ್ಲ. ಅದಕ್ಕೇ ಗೋಡೆ ಕೊರೆಯಲು ಹೊರಟಿದ್ದರು. ಮಗುವಿನ ಅಳು ಆರನೇ ವಾರದ ಹೊತ್ತಿಗೆ ಜಾಸ್ತಿಯಾಗಿ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಇವರು ಅದನ್ನು ತಮ್ಮ ಕೈಗುಣ ಅಂದುಕೊಂಡಿದ್ದರು.

ಸಲಹೆ ಸರಳ. ಸಂಜೆ ಒಂದು ಗಂಟೆ ಮಗು ನಿಮ್ಮದು. ಅಂಗಿ ಬಿಚ್ಚಿ ಎದೆಗೆ ಒರಗಿಸಿಕೊಳ್ಳಿ, ನಿಮಗೆ ತೂಕಡಿಕೆ ಬಂದರೆ ಮಾತ್ರ ಬೇಡ. ತಾಳ್ಮೆ ಕೆಟ್ಟರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಬನ್ನಿ. ಮಗುವನ್ನು ಎಂದೂ ಜೋರಾಗಿ ಅಲುಗಾಡಿಸಬೇಡಿ. ಹೆಂಡತಿಗೂ ಒಂದು ಮಾತು ಹೇಳಿ ಕಳಿಸಿದೆ: ಆ ಹೊತ್ತಿನಲ್ಲಿ ಕೋಣೆಗೆ ಬರಬೇಡಿ, ಡೈಪರ್ ಓರೆಯಾಗಿದ್ದರೆ ಓರೆಯಾಗೇ ಇರಲಿ. ಆಕೆಗೆ ಇದೇ ಕಷ್ಟವಾಯಿತಂತೆ.

ಮೂರು ವಾರದ ನಂತರ ಬಂದರು. ಭುಜದ ಮೇಲೆ ಹಾಲು ಕಕ್ಕಿದ ಕಲೆ. ಹಿಂದಿನ ದಿನ ಮಗಳು ಎದೆಯ ಮೇಲೇ ನಿದ್ದೆ ಹೋಗಿದ್ದಳು. ಕಾಲು ಜೋಮು ಹಿಡಿದರೂ ಇವರು ಕದಲಿರಲಿಲ್ಲ.

"ಶೆಲ್ಫ್ ಏನಾಯ್ತು?" ಅಂದೆ.

"ಅವಳೇ ಹಾಕಿದಳು. ನಾನು ಮಗು ಹಿಡ್ಕೊಂಡಿದ್ದೆ."