ಮೈದಾನಕ್ಕೆ ಬೆನ್ನು ಹಾಕಿ ನಿಂತ ದಫೇದಾರ

ನಮಸ್ಕಾರ.

ನಿಮ್ಮ ಕಾದಂಬರಿಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಪತ್ರದ ಕೊನೆಯವರೆಗೆ ನಿಮ್ಮನ್ನು ಕಾಯಿಸಬಾರದು ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಎರಡನೇ ಸಲ ಸುಮ್ನೆ ಓದಿದ್ದಲ್ಲ. ಅದಕ್ಕೆ ನಾಲ್ಕನೇ ಅಧ್ಯಾಯದ ನಿಮ್ಮ ದಫೇದಾರ, ಅಂದರೆ ಆ ಹೆಡ್ ಕಾನ್‌ಸ್ಟೇಬಲ್, ಕಾರಣ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

1996ರ ಮಾರ್ಚ್ 9. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಅದೇ ಸಂಜೆ ಗಾಂಧಿನಗರದ ಒಂದು ಲಾಡ್ಜಿನಲ್ಲಿ ಕೊಲೆ. ಒಳ್ಳೆಯ ದಿನವನ್ನೇ ಆರಿಸಿದ್ದೀರಿ. ಆದರೆ ನಿಮ್ಮ ಬರಹದಲ್ಲಿ ಮ್ಯಾಚು ಮೂಲೆಯ ಟಿವಿಯಲ್ಲಿ ಅದರ ಪಾಡಿಗೆ ನಡೆಯುತ್ತದೆ, ತನಿಖೆ ಇದರ ಪಾಡಿಗೆ. ಮ್ಯಾಚು ತೆಗೆದು ಕರಗದ ರಾತ್ರಿ ಇಟ್ಟರೂ ಕಥೆಯಲ್ಲಿ ಏನೂ ಬದಲಾಗುವುದಿಲ್ಲ.

ಅಂಥ ದಿನ ಠಾಣೆ ಹೇಗಿರುತ್ತದೆ ಅಂತ ಯೋಚಿಸಿ. ಪೊಲೀಸರೆಲ್ಲ ಬಂದೋಬಸ್ತಿಗೆ ಹೋಗಿರುತ್ತಾರೆ. ನಿಮ್ಮ ಇನ್‌ಸ್ಪೆಕ್ಟರ್ ಮಾತ್ರ ಲಾಡ್ಜಿನಿಂದ ಫೋನ್ ಮಾಡಿ "ಹತ್ತು ಜನ ಕಳಿಸಿ" ಅನ್ನುತ್ತಾನೆ, ಹತ್ತು ಜನ ಬಂದೂ ಬಿಡುತ್ತಾರೆ. ಎಲ್ಲಿಂದ? ಅವನ ಕೈಯಲ್ಲಿ ಠಾಣೆಯ ಕಾಗದಪತ್ರ ಬರೆಯುವ ಒಬ್ಬ ರೈಟರ್, ಒಬ್ಬ ಹೊಸ ಹುಡುಗ, ಅಷ್ಟೇ ಇರಲಿ. ಬಾಗಿಲು ಕಾಯಲು ಹುಡುಗನನ್ನು ನಿಲ್ಲಿಸಿದರೆ ಮಹಜರಿಗೆ, ಅಂದರೆ ಸ್ಥಳದಲ್ಲೇ ಬರೆಯುವ ದಾಖಲೆಗೆ, ಸಾಕ್ಷಿಯಾಗಿ ನಿಲ್ಲುವ ಪಂಚರನ್ನು ಕರೆತರುವವರು ಯಾರು? ಮ್ಯಾಚು ಬಿಟ್ಟು ಹೆಣದ ಪಕ್ಕ ನಿಂತು ಸಹಿ ಹಾಕಲು ಯಾರು ಬರುತ್ತಾರೆ? ಈ ಪರದಾಟವೇ ಒಂದು ಇಡೀ ಅಧ್ಯಾಯ ಆಗಬಹುದು.

ಇನ್ನೊಂದು ವಿಷಯ. ಅವತ್ತು ಎರಡನೇ ಶನಿವಾರ. ನೀವು ಇನ್‌ಸ್ಪೆಕ್ಟರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿ ಆಸ್ತಿ ಪತ್ರ ತೆಗೆಸುತ್ತೀರಿ. ಕಚೇರಿಗೆ ರಜಾ. ಮರುದಿನ ಭಾನುವಾರ. ಸೋಮವಾರದವರೆಗೆ ಆ ಕಾಗದ ಕೈಗೆ ಸಿಗದಿದ್ದರೆ ತನಿಖೆ ಯಾವ ಕಡೆ ತಿರುಗುತ್ತದೆ? ಇಂಥ ಅಡ್ಡಿ ನಿಮಗೆ ಪುಕ್ಕಟೆ ಸಿಕ್ಕ ಕಥೆ, ಬಿಡಬೇಡಿ.

ಸಾಕ್ಷಿಯ ಹೇಳಿಕೆಗೆ ನೀವು ಸಹಿ ಹಾಕಿಸಿದ್ದೀರಿ. ಆಗಿನ ಸಿಆರ್‌ಪಿಸಿಯ (ಅಪರಾಧ ಪ್ರಕ್ರಿಯಾ ಸಂಹಿತೆ) 161ನೇ ಸೆಕ್ಷನ್ ಪ್ರಕಾರ ಪೊಲೀಸರು ಬರೆದುಕೊಳ್ಳುತ್ತಿದ್ದ ಹೇಳಿಕೆಗೆ ಸಾಕ್ಷಿಯ ಸಹಿ ತೆಗೆದುಕೊಳ್ಳುವಂತಿರಲಿಲ್ಲ. ಕೊಲೆಗೆ ಸೆಕ್ಷನ್ 103 ಎಂದು ಬರೆದಿದ್ದೀರಿ, ಅದು 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾನೂನಿನ (ಭಾರತೀಯ ನ್ಯಾಯ ಸಂಹಿತೆ) ಸಂಖ್ಯೆ. 1996ರಲ್ಲಿ ಐಪಿಸಿ (ಭಾರತೀಯ ದಂಡ ಸಂಹಿತೆ) 302. ಇವೆಲ್ಲ ಒಂದು ದಿನದಲ್ಲಿ ತಿದ್ದಬಹುದು. ಕೊನೆಯ ಅಧ್ಯಾಯ ಅಷ್ಟು ಸುಲಭವಲ್ಲ. ಠಾಣೆಯಲ್ಲಿ ಆರೋಪಿ ಅಳುತ್ತಾ ತಪ್ಪೊಪ್ಪಿಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಚಾಕು ಎಲ್ಲಿದೆ ಅಂತ ಅವನೇ ಹೇಳಿ, ಪಂಚರ ಎದುರು ತೆಗೆದುಕೊಟ್ಟರೆ ಆ ಭಾಗ ಮಾತ್ರ ನಿಲ್ಲುತ್ತದೆ. ಹಾಗಾಗಿ ಕಥೆಯ ಬಿಗಿ ಅಳುವಿನಲ್ಲಿ ಬೇಡ, ಆ ಚಾಕು ಸಿಗುವ ಜಾಗದಲ್ಲಿ ಇರಲಿ.

ಕ್ರಿಕೆಟ್ಟಿನಲ್ಲೂ ಒಂದು ದೊಡ್ಡ ತಪ್ಪು ಇದೆ. ಆರನೇ ಅಧ್ಯಾಯದಲ್ಲಿ ಅಜಯ್ ಜಡೇಜ, ವಾಸಿಂ ಅಕ್ರಂ ಎಸೆತಕ್ಕೆ ಸಿಕ್ಸರ್ ಹೊಡೆಯುತ್ತಾರೆ. ಅಕ್ರಂ ಗಾಯವಾಗಿ ಅವತ್ತು ಆಡಲೇ ಇಲ್ಲ, ಆಮಿರ್ ಸೊಹೈಲ್ ನಾಯಕ. ಜಡೇಜ ಕೈಯಲ್ಲಿ ಪೆಟ್ಟು ತಿಂದದ್ದು ವಕಾರ್ ಯೂನಿಸ್. 25 ಎಸೆತಕ್ಕೆ 45 ರನ್. ಆ ಸಂಜೆಯನ್ನು ಎಸೆತ ಎಸೆತವಾಗಿ ನೆನಪಿಟ್ಟುಕೊಂಡವರು ನಿಮ್ಮ ಓದುಗರು. ಇಲ್ಲಿ ಎಡವಿದರೆ ಮುಂದೆ ನೀವು ಹೇಳುವ ಯಾವುದನ್ನೂ ಅವರು ನಂಬುವುದಿಲ್ಲ.

ಅದೇ ನೆನಪು ನಿಮ್ಮ ಇನ್‌ಸ್ಪೆಕ್ಟರಿಗೆ ಆಯುಧವೂ ಆಗಬಹುದು. ನಿಮ್ಮ ಸಾಕ್ಷಿಗಳೆಲ್ಲ "6 ಗಂಟೆ 42 ನಿಮಿಷಕ್ಕೆ" ಅನ್ನುತ್ತಾರೆ. ಅವತ್ತು ಗಡಿಯಾರ ನೋಡಿದವರು ಯಾರು? ರೂಂ ಬಾಯ್ ಹೀಗೆ ಹೇಳಲಿ: "ಜಡೇಜ ಹೊಡೀತಿದ್ದಾಗ ಅವ್ರು ಮೆಟ್ಟಿಲು ಹತ್ತಿದ್ರು ಸಾರ್." ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಸ್ಕೋರ್ ಪಟ್ಟಿ ಹರಡಿಕೊಂಡು ಓವರುಗಳನ್ನು ಗಂಟೆಗೆ ಹೊಂದಿಸಲಿ. ಅಲ್ಲೂ ಒಂದು ತೊಡಕು: ನಿಧಾನವಾಗಿ ಓವರ್ ಹಾಕಿದ್ದಕ್ಕೆ ಪಾಕಿಸ್ತಾನಕ್ಕೆ ಒಂದು ಓವರ್ ಕಡಿತವಾಗಿ 49 ಓವರ್ ಮಾತ್ರ ಸಿಕ್ಕಿತ್ತು. ಅಂದಾಜಿನ ಲೆಕ್ಕ ತಪ್ಪುತ್ತದೆ. ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಅದನ್ನೇ.

ಬೆಟ್ಟಿಂಗ್ ದಂಧೆಯ ಉಪಕಥೆ ತೆಗೆಯಿರಿ. ದಕ್ಷಿಣ ಆಫ್ರಿಕಾ ನಾಯಕ ಕ್ರೋನಿಯೆಯ ಮ್ಯಾಚ್ ಫಿಕ್ಸಿಂಗ್ ಪ್ರಕರಣ ಬಯಲಾದದ್ದು 2000ದ ಏಪ್ರಿಲ್‌ನಲ್ಲಿ. ಆಮೇಲೆ ನಮಗೆ ಬಂದ ಅನುಮಾನವನ್ನೆಲ್ಲ ನಾಲ್ಕು ವರ್ಷ ಮೊದಲೇ ನಿಮ್ಮ ಇನ್‌ಸ್ಪೆಕ್ಟರ್ ಬಾಯಲ್ಲಿ ಹಾಕಿದ್ದೀರಿ.

ಈಗ ದಫೇದಾರ. ನಾಲ್ಕನೇ ಅಧ್ಯಾಯದಲ್ಲಿ ಅರ್ಧ ಪುಟ ಮಾತ್ರ ಬಂದು ಹೋಗುತ್ತಾನೆ. ಬೇಲಿಯ ಪಕ್ಕ, ಮೈದಾನಕ್ಕೆ ಬೆನ್ನು ಹಾಕಿ, ಗ್ಯಾಲರಿ ನೋಡುತ್ತಾ ನಿಂತಿದ್ದಾನೆ. ಬೆನ್ನ ಹಿಂದೆ ವಿಶ್ವಕಪ್ ನಡೆಯುತ್ತಿದೆ, ಅವನು ಒಂದು ಎಸೆತವನ್ನೂ ನೋಡುವಂತಿಲ್ಲ. ಜನರ ಮುಖ ನೋಡಿ ವಿಕೆಟ್ಟೋ ಬೌಂಡರಿಯೋ ತಿಳಿದುಕೊಳ್ಳುತ್ತಾನೆ. ಬೂಟಿನೊಳಗೆ ಕಾಲು ಊದಿದೆ, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾನೆ. ಇಡೀ ಹಸ್ತಪ್ರತಿಯಲ್ಲಿ ನಿಮ್ಮದೇ ಕಣ್ಣಿಂದ ಕಂಡದ್ದು ಇದೊಂದು ಅನ್ನಿಸಿತು. ಓದುವಾಗ ನನ್ನ ಕಾಲೂ ನೋಯಿತು.

ನಿಮ್ಮ ಆರೋಪಿ ಟಿಕೆಟ್ಟಿನ ತುಂಡು ತೋರಿಸಿ "ನಾನು ಪೂರ್ತಿ ಮ್ಯಾಚು ನೋಡಿದೆ" ಅನ್ನುತ್ತಾನೆ, ಅಲ್ವಾ? ಸೊಹೈಲ್ ಬೌಂಡರಿ ಹೊಡೆದು, ಬ್ಯಾಟು ಚಾಚಿ ಬೌಲರ್ ವೆಂಕಟೇಶ್ ಪ್ರಸಾದ್‌ರನ್ನು ಕೆಣಕಿ, ಮರು ಎಸೆತಕ್ಕೇ ಬೌಲ್ಡ್ ಆದಾಗ ಅಷ್ಟೂ ಜನ ಎದ್ದು ಕುಣಿದರು. ಎಲ್ಲರ ಕಣ್ಣೂ ಪಿಚ್ ಮೇಲೆ. ಆ ಹೊತ್ತಿನಲ್ಲಿ ಜನರ ಕಡೆ ಮುಖ ಮಾಡಿ ನಿಂತಿದ್ದವನು ನಿಮ್ಮ ದಫೇದಾರ. ತನ್ನ ಎದುರಿನ ಸಾಲಿನಲ್ಲಿ ಒಂದು ಜಾಗ ಖಾಲಿ ಇದ್ದದ್ದು ಅವನಿಗೆ ಗೊತ್ತಿದೆ. ಆದರೆ ಅವನನ್ನು ಯಾರೂ ಕೇಳಿಲ್ಲ. ಅವನು ಬೇರೆ ಠಾಣೆಯವನು, ಬಂದೋಬಸ್ತ್ ಮುಗಿದ ಮೇಲೆ ಲಾರಿ ಹತ್ತಿ ಹೊರಟು ಹೋದ.

ಅವನನ್ನು ಹುಡುಕುವುದೇ ನಿಮ್ಮ ಕಾದಂಬರಿ ಅಂತ ನನಗೆ ಅನ್ನಿಸುತ್ತದೆ. ಮೊದಲ ಮೂರು ಅಧ್ಯಾಯ ಹೊಸದಾಗಿ ಬರೆದು ಕಳಿಸಿ, ಅವಸರ ಬೇಡ. ಬರೆಯುವ ಮುಂಚೆ ಅವತ್ತು ಬಂದೋಬಸ್ತಿಗೆ ಹೋಗಿದ್ದ ನಿವೃತ್ತ ಪೊಲೀಸರು ಯಾರಾದರೂ ಸಿಕ್ಕರೆ ಕೂತು ಮಾತಾಡಿಸಿ. ಮಧ್ಯಾಹ್ನದ ಊಟದ ಪೊಟ್ಟಣ ಎಷ್ಟು ಹೊತ್ತಿಗೆ ಬಂತು, ರಾತ್ರಿ ಮನೆ ಸೇರಿದ್ದು ಎಷ್ಟು ಗಂಟೆಗೆ, ಭಾರತ ಗೆದ್ದದ್ದು ಅವರಿಗೆ ಹೇಗೆ ತಿಳಿಯಿತು, ಇಷ್ಟನ್ನು ಕೇಳಿ.